ನಾಲ್ಕು ನಿಮಿಷ ಹನ್ನೊಂದು ಸೆಕೆಂಡು

ದೊಡ್ಡಬಳ್ಳಾಪುರ
೧೮ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಮಮತಾ,

ಅತ್ತೆಯ ಸೊಂಟ ಈಗ ಹೇಗಿದೆ? ವಾಕರ್ ಹಿಡಿದುಕೊಂಡು ಕೊಟ್ಟಿಗೆ ತನಕ ನಡೆದು, ಹಾಲು ಕರೆಯುತ್ತಿದ್ದ ಅಂಬರೀಶನಿಗೆ ಅಲ್ಲಿಂದಲೇ ತಪ್ಪು ತೋರಿಸಿದರು ಅಂತ ಸಂಘಮಿತ್ರ ಬರೆದಿದ್ದಳು. ಹಾಗಾದರೆ ವಾಸಿಯಾಗುತ್ತಿದೆ ಅಂತಲೇ ಅರ್ಥ. ನಿನ್ನ ಮೊಣಕಾಲು? ಅನುಗೊಂಡನಹಳ್ಳಿಯಲ್ಲಿ ಇಲ್ಲಿಗಿಂತ ಇಬ್ಬನಿ ಜಾಸ್ತಿ, ಬೆಳಿಗ್ಗೆ ಹೊರಗೆ ಪಾತ್ರೆ ತೊಳೆಯುವಾಗ ನೆಲದ ಮೇಲೆ ಕೂರಬೇಡ, ಮಣೆ ಹಾಕಿಕೋ. ನಾನು ಚೆನ್ನಾಗಿದ್ದೇನೆ. ಅನ್ನ ಎರಡು ಸಲ ತಳ ಹಿಡಿಯಿತು. ಕುಕ್ಕರಿನ ವಿಷಲ್ ಹಳೆಯದಾಗಿ ಕೂಗುವುದನ್ನು ಬಿಟ್ಟಿದೆ ಅಂದುಕೊಂಡು ಹೊಸದೊಂದು ತಂದು ಹಾಕಿದೆ. ಅದೂ ಕೂಗಲಿಲ್ಲ. ಅಂಗಡಿಯವನು ಮೋಸ ಮಾಡಿದ ಅಂತ ಎರಡು ದಿನ ಆ ಬೀದಿಯಲ್ಲೇ ಹೋಗಲಿಲ್ಲ.

ಫೋನು ಇರುವಾಗ ಕಾಗದ ಯಾಕೆ ಅಂತ ನಿನಗೆ ಅನ್ನಿಸುತ್ತದೆ. ಇದನ್ನು ನಿನ್ನ ಕೈಗೆ ಕೊಡುವಾಗ ನಿನ್ನ ತಮ್ಮ ಅಂಬರೀಶ, ನಮ್ಮ ಭಾವ ಇನ್ನೂ ಅದೇ ಕಾಲದಲ್ಲವ್ರೆ ಅಂತ ಅನ್ನದೆ ಇರುವುದಿಲ್ಲ. ನಾನು ನಿನಗೆ ಕೊನೆಯ ಸಲ ಕಾಗದ ಬರೆದದ್ದು ನೀನು ಬಾಣಂತನಕ್ಕೆ ಹೋದಾಗ, ಮಗಳಿಗೆ ಈಗ ಇಪ್ಪತ್ತೊಂದು. ಆದರೂ ಬರೆಯುತ್ತಿದ್ದೇನೆ. ಆರನೇ ತಾರೀಕು ಗುರುವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ನೀನು ಒಂದು ವಾಯ್ಸ್ ಮೆಸೇಜು ಕಳಿಸಿದೆ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಅಷ್ಟು ದೊಡ್ಡದನ್ನು ನೀನು ಯಾವತ್ತೂ ಕಳಿಸಿದವಳಲ್ಲ. ಗ್ಯಾಸ್ ಬಂತಾ, ಊಟ ಆಯ್ತಾ ಅನ್ನುವುದೆಲ್ಲ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ನಾನು ಆಯ್ತು ಅಂತ ಬರೆದರೆ ನಡೆದುಹೋಗುತ್ತಿತ್ತು. ಅವತ್ತು ನಾನು ಆದಿನಾರಾಯಣಪ್ಪನವರ ಶೆಡ್ಡಿನಲ್ಲಿ ಹನ್ನೆರಡು ಮಗ್ಗಗಳು ಓಡುತ್ತಿರುವಾಗ ಹದಿಮೂರನೆಯದರ ಕೆಳಗೆ ಕೂತು ಬೋಲ್ಟು ಬಿಗಿಯುತ್ತಿದ್ದೆ. ಒಪ್ಪಿಗೆಯ ಹೆಬ್ಬೆಟ್ಟಿನ ಗುರುತು ಒತ್ತಿ ಉತ್ತರ ಕೊಟ್ಟೆ. ಅದಾದ ಮೇಲೆ ನಿನ್ನಿಂದ ಒಂದು ಅಕ್ಷರ ಇಲ್ಲ. ಇವತ್ತಿಗೆ ಹನ್ನೆರಡು ದಿನ.

ನಡುವೆ ನಾನು ಎರಡು ಸಲ ಫೋನು ಮಾಡಿದೆ. ಮೊದಲನೇ ಸಲ ನೀನು ಎತ್ತಲಿಲ್ಲ. ಎರಡನೇ ಸಲ ಎತ್ತಿದೆ, ನೀನು ಏನೋ ಅಂದೆ, ನಾನು ಹೂಂ ಅಂದೆ, ನೀನು ಮತ್ತೆ ಏನೋ ಅಂದೆ, ನಾನು ಮತ್ತೆ ಹೂಂ ಅಂದೆ, ನೀನು ಇಟ್ಟುಬಿಟ್ಟೆ. ನಿಜ ಹೇಳುತ್ತೇನೆ, ಆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನಲ್ಲಿ ಏನಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಲವತ್ತು ಸಲ ಹಾಕಿ ಕೇಳಿರಬೇಕು. ನಿನ್ನ ದನಿ ಬರುತ್ತದೆ, ಮಾತು ಬರುವುದಿಲ್ಲ. ಏನು ಹೇಳಿದೆ ಅಂತ ಕೇಳಿ ಮೂರು ಸಲ ಟೈಪ್ ಮಾಡಿ ಅಳಿಸಿದೆ. ಉತ್ತರ ಕೊಟ್ಟುಬಿಟ್ಟವನು ಆಮೇಲೆ ಪ್ರಶ್ನೆ ಏನು ಅಂತ ಕೇಳಿದರೆ ಏನು ಅರ್ಥ? ದೀಪಾವಳಿ ಆದ ಮಾರನೇ ದಿನ ಬ್ಯಾಗು ಹಿಡಿದು ಹೊಸಿಲಲ್ಲಿ ನಿಂತು, ನನ್ನ ಮುಖ ನೋಡಿ ನೀನು ಒಂದು ಮಾತು ಹೇಳಿ ಹೋದೆ: "ನಿಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ." ಆ ಮಾತು ಸ್ಪಷ್ಟವಾಗಿ ಕೇಳಿಸಿತು. ತವರಲ್ಲಿ ಅತ್ತೆಗೆ ಬಿದ್ದು ಪೆಟ್ಟಾದದ್ದು ನಿಜ, ನೀನು ಹೋಗಬೇಕಾಗಿದ್ದದ್ದೂ ನಿಜ. ಆದರೆ ಹೋಗಿ ಬರುವವರು ಅಷ್ಟು ಸೀರೆ ತುಂಬಿಕೊಳ್ಳುವುದಿಲ್ಲ. ನೀನು ವಾಪಸ್ಸು ಬರುವೆಯೋ ಇಲ್ಲವೋ ಅನ್ನುವುದು ಆ ಮೆಸೇಜಿನೊಳಗೆ ಇದೆ ಅಂತ ನನ್ನ ಅನುಮಾನ.

ಸ್ಪೀಕರಿನಲ್ಲಿ ಜೋರಾಗಿ ಹಾಕಿ ಕೇಳಬಹುದಿತ್ತು. ನಮ್ಮ ವಠಾರ ನಿನಗೆ ಗೊತ್ತಲ್ಲ. ಪಕ್ಕದ ಮನೆ ಪಿಳ್ಳಣ್ಣ ಜಗಲಿ ಬಿಟ್ಟು ಏಳುವುದಿಲ್ಲ, ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೆ ಅದಕ್ಕೆ ಬೆಳ್ಳುಳ್ಳಿ ಬಿತ್ತೋ ಇಲ್ಲವೋ ಹೇಳುವ ಮನುಷ್ಯ. ನೀನು ಹೋದ ವಾರದಲ್ಲೇ, ಅಮ್ಮಾವ್ರು ಯಾವಾಗ ಬರೋದು ಅಂತ ಕೇಳಿ, ನಾನು ಹೇಳುವ ಮೊದಲೇ ತಲೆಯಾಡಿಸಿದ್ದ. ಮಗಳಿಗೆ ಕಳಿಸಿ ಕೇಳು ಅನ್ನಲೂ ಮನಸ್ಸು ಒಪ್ಪಲಿಲ್ಲ. ಹೆಂಡತಿ ಗಂಡನಿಗೆ ನಾಲ್ಕು ನಿಮಿಷ ಹೇಳಿದ್ದನ್ನು ಮಗಳು ಮೊದಲು ಕೇಳಬಾರದು. ಹಾಗಾಗಿ ಕಿವಿಯೊಳಗೆ ಇಟ್ಟುಕೊಳ್ಳುವ ಇಯರ್‌ಫೋನು ಒಂದು ತೆಗೆದುಕೊಳ್ಳುವುದು ಅಂತ ತೀರ್ಮಾನಿಸಿದೆ. ಯಾವುದು ಒಳ್ಳೆಯದು, ದುಬಾರಿ ಬೇಡ, ಶೆಡ್ಡಿಗೂ ರೈಲಿಗೂ ಜೇಬಲ್ಲಿ ಹಾಕಿಕೊಂಡು ಹೋಗುವ ಹಾಗಿರಬೇಕು ಅಂತ ತುಮಕೂರಿಗೆ, ಸಂಘಮಿತ್ರಳಿಗೆ ಮೆಸೇಜು ಹಾಕಿದೆ. ಅವಳು ಮೊದಲು ಕಳಿಸಿದ ಉತ್ತರ, "ಯಾರ ಜೊತೆ ಮಾತಾಡಕ್ಕಪ್ಪಾ?" ಹಾಸ್ಟೆಲ್ಲಿನಲ್ಲಿ ನರ್ಸಿಂಗು ಓದುವ ಹುಡುಗಿಗೆ ಅಪ್ಪನ ಮೇಲೆ ಇಂಥ ಅನುಮಾನ. ಹಾಡು ಕೇಳಕ್ಕೆ ಅಂದೆ. ನೀನು ಯಾವಾಗ ಹಾಡು ಕೇಳ್ತಿದ್ದೆ ಅಂದಳು. ಆಮೇಲೆ ಕನಿಕರಪಟ್ಟು ಏಳೆಂಟು ಚಿತ್ರ ಕಳಿಸಿದಳು.

ಅವುಗಳ ಕೆಳಗೆ ಜನ ಬರೆದ ಅಭಿಪ್ರಾಯಗಳನ್ನು ಎರಡು ದಿನ ಓದಿದೆ. ಎಲ್ಲಕ್ಕೂ ನಾಲ್ಕರ ಮೇಲೆ ನಕ್ಷತ್ರ. ಒಬ್ಬ ಬರೆದಿದ್ದಾನೆ, ಡಬ್ಬಿ ಚೆನ್ನಾಗಿದೆ, ಇನ್ನೂ ತೆರೆದಿಲ್ಲ, ಐದು ನಕ್ಷತ್ರ. ಇನ್ನೊಬ್ಬ ಎಂಟು ತಿಂಗಳು ಉಪಯೋಗಿಸಿದೆ ಅನ್ನುತ್ತಾನೆ, ಸಾಮಾನು ಮಾರಾಟಕ್ಕೆ ಬಂದು ಐದು ತಿಂಗಳು. ಒಂದರಲ್ಲಿ ದೊಡ್ಡ ಕಂಪನಿಯ ಹೆಸರೇ, ಒಂದೇ ಅಕ್ಷರ ಬೇರೆ. ನಾನು ಸೀರೆಯ ಊರಿನವನು. ಎಳೆ ಕಿತ್ತು ಸುಟ್ಟು, ಬೂದಿ ಮೂಸಿ ನೋಡುವ ತನಕ ರೇಷ್ಮೆ ಅಂತ ಒಪ್ಪಿದವನಲ್ಲ. ಇಯರ್‌ಫೋನನ್ನು ಸುಟ್ಟು ಮೂಸುವ ಹಾಗಿಲ್ಲ. ವೈರಿಲ್ಲದ್ದು, ಕುಂಕುಮದ ಭರಣಿಯಂಥ ಡಬ್ಬಿಯಲ್ಲಿ ಎರಡು ಕಾಳು ಇಟ್ಟಿರುತ್ತಾರೆ, ಅದು ನನಗೆ ಹಿಡಿಸಲಿಲ್ಲ. ನಡುವೆ ಎಳೆಯೇ ಇಲ್ಲದೆ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರುತ್ತದೆ ಅಂದರೆ ಎಲ್ಲಿ ಹರಿಯಿತು ಅಂತ ಹುಡುಕುವುದು ಹೇಗೆ? ವೈರಿದ್ದರೆ ಬೆರಳಾಡಿಸಿ ನೋಡಬಹುದು. ನನ್ನ ಫೋನಿನಲ್ಲಿ ದುಂಡನೆಯ ತೂತು ಇಲ್ಲ, ಚಾರ್ಜಿನ ತೂತಿಗೇ ಸೇರಿಸುವಂಥದ್ದು ಬೇಕು ಅಂತ ತಿಳಿದುಕೊಳ್ಳಲು ಮತ್ತೊಂದು ದಿನ ಹೋಯಿತು.

ಕೊನೆಗೆ ಬಸ್ ಸ್ಟ್ಯಾಂಡಿನ ಎದುರು ಶಶಿರೇಖಾ ಅನ್ನುವವರ ಮೊಬೈಲ್ ಅಂಗಡಿಯಲ್ಲಿ ತೆಗೆದುಕೊಂಡೆ. ನಲವತ್ತರ ಆಸುಪಾಸಿನ ಹೆಂಗಸು, ಅಂಗಡಿ ಪೂರ್ತಿ ಅವರದೇ. ಮೂರು ಅಳತೆಯ ರಬ್ಬರಿನ ಟೋಪಿ ಕೊಟ್ಟು, ಯಾವುದು ಕಿವಿಗೆ ಬಿಗಿಯಾಗಿ ಕೂರುತ್ತೋ ಅದು ಹಾಕ್ಕೊಳ್ಳಿ, ಸಡಿಲ ಆದ್ರೆ ಲಕ್ಷ ಕೊಟ್ರೂ ಡಬ್ಬ ಥರ ಕೇಳಿಸುತ್ತೆ ಅಂದರು. ಮನೆಗೆ ಬಂದು ಹಾಕಿಕೊಂಡರೆ ಎಡಗಡೆಯದು ಸತ್ತಿತ್ತು. ಮಾರನೇ ದಿನ ಹೋದೆ. ಕೊಡುವ ಮುಂಚೆ ಒಂದು ಕೆಲಸ ಮಾಡಿದ್ದೆ. ಪಿನ್ನಿನ ಬುಡಕ್ಕೆ ಹಸಿರು ರೇಷ್ಮೆ ಎಳೆಯಿಂದ ಕಣ್ಣಿಗೆ ಬೀಳದ ಒಂದು ಗಂಟು ಹಾಕಿದ್ದೆ, ಒಳಗೆ ಹೋಗಿ ಅದನ್ನೇ ಒರೆಸಿ ವಾಪಸ್ಸು ಕೊಟ್ಟರೆ ಗೊತ್ತಾಗಲಿ ಅಂತ. ಅವರು ಬೇರೆಯದನ್ನೇ ಕೊಟ್ಟರು, ಗಂಟು ಇರಲಿಲ್ಲ. ಅದರಲ್ಲೂ ಎಡಗಡೆ ಸತ್ತಿತ್ತು. ಗಂಟು ನೋಡಿ ಬಿಚ್ಚಿರಬೇಕು ಅಂತ ಅಂದುಕೊಂಡೆ. ಹನ್ನೊಂದನೇ ತಾರೀಕು ಮಗ್ಗದ ಸಾಮಾನು ತರಲು ಬೆಂಗಳೂರಿಗೆ ಹೋಗುವಾಗ ರೈಲಿನಲ್ಲಿ ಬಲಗಿವಿಯೊಂದರಲ್ಲೇ ಕೇಳಿಕೊಂಡು ಹೋದೆ. ವಾರ್ತೆ ಓದುವ ಗಂಡಸಿನ ಮಾತು ತಿಳಿಯಿತು. ತಬಲ ಕೇಳಿಸಿತು. ನಿನ್ನ ಮೆಸೇಜು ಹಾಕಿದೆ, ಗೋಣಿಚೀಲದೊಳಗಿಂದ ಬಂದ ಹಾಗಿತ್ತು.

ಅಲ್ಲಿ ಕೂತು ನಾನು ಏನು ಲೆಕ್ಕ ಹಾಕಿದೆ ಗೊತ್ತಾ? ಇಯರ್‌ಫೋನು ಅರ್ಧ ಕೆಲಸ ಮಾಡುತ್ತಿದೆ. ಗಂಡಸಿನ ಮಾತು ತಿಳಿಯುತ್ತದೆ, ನಿನ್ನದು ತಿಳಿಯುವುದಿಲ್ಲ. ಆದ್ದರಿಂದ ನೀನು ಬೇಕಂತಲೇ ಪಿಸುಗುಟ್ಟಿದ್ದೀಯ. ಯಾಕೆ ಪಿಸುಗುಟ್ಟುತ್ತೀಯ? ಹತ್ತಿರ ಯಾರೋ ಇದ್ದಾರೆ. ಯಾರು? ಅಂಬರೀಶ. ಅಕ್ಕಾ, ನೀನ್ಯಾಕೆ ಆ ವಠಾರದಲ್ಲಿ ಒದ್ದಾಡ್ತೀಯ, ಇಲ್ಲೇ ಇರು ಅಂತ ಅವನು ನಿನ್ನ ಕಿವಿ ಊದುತ್ತಿದ್ದಾನೆ. ಯಲಹಂಕ ಬರುವ ಹೊತ್ತಿಗೆ ಅವನು ನಿನಗೆ ಹೊಸಕೋಟೆಯ ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸವನ್ನೂ ಕೊಡಿಸಿಬಿಟ್ಟಿದ್ದ. ಇಷ್ಟೆಲ್ಲ ನಾನೇ ಕಟ್ಟಿದ್ದು, ಒಂದು ಎಳೆಯೂ ಹೊರಗಿನಿಂದ ಬಂದದ್ದಲ್ಲ. ಅನುಮಾನ ನನ್ನ ಕಸುಬು, ನಿನಗೆ ಗೊತ್ತು. ಮಗ್ಗ ನಿಂತರೆ ಮೊದಲು ನೂಲನ್ನು ಅನುಮಾನಿಸಬೇಕು, ಆಮೇಲೆ ಲಾಳಿ, ಆಮೇಲೆ ಮೋಟಾರು, ಆಮೇಲೆ ನೇಯುವವನು. ಮೂವತ್ತು ವರ್ಷದಲ್ಲಿ ರಿಪೇರಿ ಮೇಸ್ತ್ರಿಯನ್ನು ಅನುಮಾನಿಸುವ ಸರದಿ ಬಂದದ್ದೇ ಇಲ್ಲ.

ಹೋದ ಶನಿವಾರ ಮಧ್ಯಾಹ್ನ ಮೂರನೇ ಸಲ ಆ ಅಂಗಡಿಗೆ ಹೋದೆ. ಈ ಸಲ ಜಗಳಕ್ಕೇ ಸಿದ್ಧವಾಗಿದ್ದೆ, ವಾಪಸ್ಸು ಬಂದ ಮಾಲನ್ನೆಲ್ಲ ಮಗ್ಗದವನ ತಲೆಗೆ ಕಟ್ಟುತ್ತೀರಾ ಅಂತ ಕೇಳುವುದಿತ್ತು. ಶಶಿರೇಖಾ ಸಮಾಧಾನವಾಗಿ ಕೇಳಿಸಿಕೊಂಡರು. ಹಿಂದಕ್ಕೆ ತಿರುಗಿ ಮೇಲಿನ ಅಟ್ಟಣಿಗೆಯಿಂದ ಡಬ್ಬಿಗಳನ್ನು ಇಳಿಸತೊಡಗಿದರು. ನಾನು ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ರೀಚಾರ್ಜಿಗೆ ಬಂದಿದ್ದ ಒಬ್ಬ ಮುದುಕ ನನ್ನ ಭುಜ ಮುಟ್ಟಿದ. ನೋಡಿದರೆ ಶಶಿರೇಖಾ ನನ್ನ ಕಡೆ ತಿರುಗಿ ನಿಂತಿದ್ದಾರೆ, ಮೂರು ಸಲ ಕೇಳಿದೆನಲ್ಲ, ಮೈಕ್ ಇರೋದು ಕೊಡ್ಲಾ ಇಲ್ದಿರೋದು ಕೊಡ್ಲಾ ಅನ್ನುತ್ತಿದ್ದಾರೆ. ಏನೋ ಯೋಚನೆಯಲ್ಲಿದ್ದೆ ಅಂದೆ. ಈ ಉತ್ತರ ನನಗೆ ಬಾಯಿಪಾಠ, ಎಷ್ಟು ಸಲ ನಿನಗೆ ಹೇಳಿದ್ದೇನೋ. ಆಕೆ ನಗಲಿಲ್ಲ. "ಮುಖ ನೋಡ್ದಾಗ ಇಲ್ದಿರೋ ಯೋಚ್ನೆ, ನಾನು ತಿರುಗ್ದಾಗ ಎಲ್ಲಿಂದ ಬತ್ತದೆ ಅಣ್ಣ?" ಅಂದರು.

ನಾನು ಮಾತು ಹಾರಿಸಲು ಎಡಗಡೆಯದು ಕೆಲಸ ಮಾಡಲ್ಲ ಅಂತ ಮತ್ತೆ ಶುರು ಮಾಡಿದೆ. ಅವರು ಆ ಎಡಗಡೆಯದನ್ನೇ ಬಟ್ಟೆಯಲ್ಲಿ ಒರೆಸಿ, ಬಲಗಿವಿಗೆ ಹಾಕಿಕೊಳ್ಳಿ ಅಂತ ಕೊಟ್ಟರು. ಅದರ ಮೇಲೆ ಎಡ ಅಂತ ಗುರುತಿದೆ, ಬಲಕ್ಕೆ ಹೇಗೆ ಹಾಕುವುದು ಅಂದೆ. ಕಿವಿಗೆ ಓದಕ್ಕೆ ಬರಲ್ಲ, ಹಾಕ್ಕೊಳ್ಳಿ ಅಂದರು. ಹಾಕಿಕೊಂಡೆ. ಹಾಡು ಬಂತು. ಬಲಗಡೆಯದನ್ನು ಎಡಗಿವಿಗೆ ಇಟ್ಟರು, ಅದು ಸತ್ತಿತು. ಆಮೇಲೆ ಎರಡನ್ನೂ ತೆಗೆಸಿ, ಬಿಲ್ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದರು. ಊ, ಆ, ಓ ಅನ್ನುವ ಹಾಗೆ ಏನೋ ಬಂತು. ಪುಸ್ತಕ ಇಳಿಸಿ ಅದನ್ನೇ ಹೇಳಿದರು, ತಿಳಿಯಿತು. ನಿಮ್ಮ ಹೆಸರೇನು ಅಂತ ಕೇಳಿದೆ ಅಷ್ಟೇ ಅಣ್ಣ, ಅಂದರು. ಅವರ ತಂದೆಯೂ ಮಗ್ಗದವರಂತೆ. ಸಾಯುವ ತನಕ ಮನೆಯವರೆಲ್ಲ ಮೆಲ್ಲಗೆ ಮಾತಾಡುತ್ತಾರೆ ಅಂತ ಬೈಯುತ್ತಿದ್ದರಂತೆ. ಅಷ್ಟು ಅವಸರದಲ್ಲಿ ಕೇಳಬೇಕಾಗಿರುವುದು ಏನು ಅಂತ ವಿಚಾರಿಸಿದರು. ಮೆಸೇಜು ಅಂದೆ, ಮನೆಯವಳದು. ಬೇಕಾದರೆ ನಾನು ಕೇಳಿ ಹೇಳ್ತೀನಿ, ಕೊಡಿ ಅಂತ ಕೈ ಚಾಚಿದರು. ನಾನು ಫೋನು ಜೇಬಿಗೆ ಹಾಕಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಹೇಳ್ದೋರ್ನೇ ಕೇಳ್ಬೇಕು" ಅಂದರು. ಮುದುಕ ತನ್ನ ರೀಚಾರ್ಜಿಗೆ ಕಾಯುತ್ತಲೇ ಇದ್ದ.

ಮೂರು ದಿನದಿಂದ ನಾನು ಇದನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೇನೆ. ಮಗ್ಗಗಳ ಗದ್ದಲದ ಶೆಡ್ಡಿನಲ್ಲಿ ನಮಗೆ ಯಾರಿಗೂ ಕಿವಿ ಬೇಕಾಗುವುದಿಲ್ಲ. ಹದಿನೆಂಟು ವರ್ಷದವನಾಗಿ ಒಳಗೆ ಹೋದಾಗಲೇ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತೆ. ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿಯಿತು, ನೂಲು ಹರಿಯಿತು, ಸಾಹುಕಾರ ಬಂದ, ಎಲ್ಲ ತುಟಿಯಲ್ಲಿ, ಬೆರಳಿನಲ್ಲಿ. ಮಗ್ಗದ ಕಾಯಿಲೆಯನ್ನು ನಾನು ಸದ್ದಿನಿಂದ ಹಿಡಿಯುತ್ತೇನೆ ಅಂತ ಆದಿನಾರಾಯಣಪ್ಪನವರು ಎಲ್ಲರ ಹತ್ತಿರ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಭಾನುವಾರ ಬೇಕಂತಲೇ ಗಮನಿಸಿದೆ, ನಾನು ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ನಡುಕ ನೋಡುತ್ತೇನೆ, ಅಷ್ಟೇ. ಕಿವಿ ಯಾವತ್ತೋ ಕೆಲಸ ಬಿಟ್ಟು ಹೋಗಿದೆ, ಕೈ ಯಾರಿಗೂ ಹೇಳದೆ ಅದರ ಪಾಳಿ ಮಾಡುತ್ತಿದೆ. ಮನೆಯಲ್ಲೂ ಹಾಗೇ. ನೀನು ಎದುರಿಗೆ ಕೂತು ಕಾಫಿ ಬೇಕಾ ಅಂದರೆ ತಕ್ಷಣ ಹೂಂ ಅನ್ನುತ್ತಿದ್ದೆ. ಅದಕ್ಕೇ ನಿನಗೆ ಅಷ್ಟು ಕೋಪ. ಕಾಫಿ ಕೇಳಿಸುವವನಿಗೆ ಉಳಿದದ್ದು ಯಾಕೆ ಕೇಳಿಸುವುದಿಲ್ಲ?

ಯಾಕೆಂದರೆ ನೀನು ದೊಡ್ಡ ಮಾತನ್ನು ಮುಖ ನೋಡಿ ಆಡುವವಳಲ್ಲ. ಒಲೆಯ ಕಡೆ ತಿರುಗಿ, ಮುದ್ದೆ ತಿರುವುತ್ತಾ, ನನಗೆ ಬೆನ್ನು ಮಾಡಿ ಆಡುತ್ತೀಯ. ನಿಮ್ಮಪ್ಪ ತೀರಿಹೋಗುವ ಹಿಂದಿನ ದಿನ ಸಂಜೆ, ಈಗಲೇ ಹೋಗಿ ನೋಡ್ಕೊಂಡು ಬರೋಣ ಅಂತ ನೀನು ಕೇಳಿದೆಯಂತೆ, ನಾನು ಪೇಪರು ಮಡಚಲಿಲ್ಲವಂತೆ. ಬೆಳಿಗ್ಗೆ ಫೋನು ಬಂತು. ನೀನು ಅವತ್ತು ಹೇಳಿರಲೇ ಇಲ್ಲ, ದುಃಖದಲ್ಲಿ ಆಮೇಲೆ ಹುಟ್ಟಿಸಿಕೊಂಡೆ ಅಂತ ನಾನು ಆರು ವರ್ಷ ಒಳಗೊಳಗೇ ಸಾಧಿಸಿದೆ. ಬೈಲಪ್ಪ ಮಾವನ ಮುಖವನ್ನು ನೀನು ಕೊನೆಗೆ ನೋಡಿದ್ದು ಬಟ್ಟೆ ಸರಿಸಿ. ಮಮತಾ, ನೀನು ಹೇಳಿದ್ದೆ. ನನಗೆ ಅದು ಈಗ ಗೊತ್ತಾಗಿದೆ.

ಮುಚ್ಚಿಡುವುದು ಬೇಡ ಅಂತ ಇನ್ನೊಂದೂ ಬರೆಯುತ್ತೇನೆ. ನನಗೆ ಒಂದು ಚೂರೂ ಗೊತ್ತಿರಲಿಲ್ಲ ಅಂದರೆ ಅದು ಸುಳ್ಳಾಗುತ್ತದೆ. ನಾಲ್ಕೈದು ವರ್ಷದಿಂದ ಎಲ್ಲೋ ಒಂದು ಕಡೆ ಗೊತ್ತಿತ್ತು. ಕಿವಿ ಕೇಳಿಸದವನು ಅನ್ನಿಸಿಕೊಳ್ಳುವುದಕ್ಕಿಂತ ಹೆಂಡತಿ ಮಾತು ಕೇಳದವನು ಅನ್ನಿಸಿಕೊಳ್ಳುವುದು ನನಗೆ ಹಗುರವಾಗಿತ್ತು. ಗಂಡಸಿಗೆ ಅದು ಅಂಥ ಅವಮಾನವಲ್ಲ, ವಠಾರದಲ್ಲಿ ಎಲ್ಲರೂ ಹಾಗೇ ಇದ್ದಾರೆ. ಅದರ ಭಾರ ಪೂರ್ತಿ ನಿನ್ನ ಕಡೆ ಬಿದ್ದಿತ್ತು, ನಾನು ನೋಡಲಿಲ್ಲ. ಈಗ ಆದಿನಾರಾಯಣಪ್ಪನವರಿಗೆ ಹೇಳಬೇಕೋ ಬೇಡವೋ ತಿಳಿಯದು, ಕಿವುಡ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಿವಿ ಡಾಕ್ಟರ ಹತ್ತಿರವೂ ಹೋಗಿಲ್ಲ. ಮೊದಲು ನಿನಗೆ ಹೇಳಬೇಕು ಅನ್ನಿಸಿತು. ಇಯರ್‌ಫೋನು ವಾಪಸ್ಸು ಕೊಡಲಿಲ್ಲ, ಅದರದ್ದೇನೂ ತಪ್ಪಿರಲಿಲ್ಲ. ಸಂಘಮಿತ್ರ ಬಂದಾಗ ಕೊಡುತ್ತೇನೆ, ಅವಳಿಗೆ ಎರಡು ಕಡೆಯೂ ಕೇಳಿಸುತ್ತದೆ.

ಅತ್ತೆಗೆ ನಮಸ್ಕಾರ ಹೇಳು, ಕೊಟ್ಟಿಗೆ ಕಡೆ ಒಬ್ಬರೇ ಹೋಗಬಾರದು ಅಂತಲೂ ಹೇಳು. ಅಂಬರೀಶನಿಗೆ ಜೈ ಭೀಮ್. ರೈಲಿನಲ್ಲಿ ಅವನ ಬಗ್ಗೆ ಯೋಚಿಸಿದ್ದನ್ನು ಅವನಿಗೆ ಓದಿ ಹೇಳಬೇಡ. ನೀನು ಊಟ ಬಿಡಬೇಡ.

ನಿನ್ನ
ಜಯಕುಮಾರ್

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಬರೆಯಬೇಕಾಗಿದ್ದನ್ನೇ ಮೇಲೆ ಎಲ್ಲೂ ಬರೆದಿಲ್ಲ. ಆ ಹೆಬ್ಬೆಟ್ಟು ನಿನ್ನ ಮಾತು ಕೇಳಿ ಒತ್ತಿದ್ದಲ್ಲ. ಮೆಸೇಜು ಬಂದ ಅರ್ಧ ನಿಮಿಷದಲ್ಲಿ, ಹಾಕಿಯೂ ನೋಡದೆ ಒತ್ತಿದ್ದು. ಪತ್ರ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿಬಿಟ್ಟ ಅಂತ ನಮ್ಮ ತಾತನನ್ನು ನಾನು ಎಷ್ಟು ಸಲ ಬೈದಿಲ್ಲ. ಅಮ್ಮನ ಮನೇಲೇ ಇದ್ದುಬಿಡ್ಲಾ ಅಂತ ನೀನು ಕೇಳಿದ್ದರೆ ಅದಕ್ಕೆ ನಾನು ಹೂಂ ಅಂದಿಲ್ಲ. ಬಂದು ಕರ್ಕೊಂಡು ಹೋಗಿ ಅಂದಿದ್ದರೆ ಹನ್ನೆರಡು ದಿನ ನಾನು ಬರದೆ ಕೂತದ್ದು ಹಟಕ್ಕಲ್ಲ. ಭಾನುವಾರ ಬೆಳಿಗ್ಗೆ ದೇವನಹಳ್ಳಿ ಮೇಲೆ ಹೊಸಕೋಟೆಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಆ ಮೆಸೇಜಿನಲ್ಲಿ ಹೇಳಿದ್ದನ್ನು ಇನ್ನೊಂದು ಸಲ ಹೇಳು. ಅಡಿಗೆಮನೆಯಲ್ಲಿ ಬೇಡ, ಅಂಗಳದ ಬೆಳಕಿನಲ್ಲಿ, ನನ್ನ ಕಡೆ ತಿರುಗಿ ಹೇಳು. ಬರಲ್ಲ ಅನ್ನುವುದಾದರೂ ಹಾಗೇ ಹೇಳು.